ನಿಘಂಟಿನಲ್ಲಿ ಒಂದೇ ಅರ್ಥ, ಬಳಕೆಯಲ್ಲಿ ಬೇರೆ: ಇಂಗ್ಲಿಷ್ ಗುಣವಾಚಕಗಳ ಕುರಿತು ಓದುಗರ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪತ್ರಗಳನ್ನೇ ಈ ಸಲದ ಅಂಕಣಕ್ಕೆ ಆಯ್ದುಕೊಂಡಿದ್ದೇವೆ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಕಚೇರಿಗಳಲ್ಲಿ ಮಲಯಾಳ ಕೇಳಿಸಿಕೊಳ್ಳುವ ಈ ಓದುಗರಿಗೆ ಹೊಸ ಭಾಷೆಯೆಂದರೆ ಅಂಜಿಕೆಯಿಲ್ಲ. ಅವರ ಪ್ರಶ್ನೆಗಳು ಹುಟ್ಟಿರುವುದು ನಿಘಂಟಿನಿಂದ. ಎರಡು ಇಂಗ್ಲಿಷ್ ಗುಣವಾಚಕಗಳ ಮುಂದೆ ಒಂದೇ ಕನ್ನಡ ಪದವನ್ನು ಕಂಡಾಗ ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಹೆಚ್ಚುಕಡಿಮೆ ಎಲ್ಲರ ಪತ್ರದ ತಿರುಳು.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ವಾರ್ಷಿಕ ಸಂಚಿಕೆಯ ಇಂಗ್ಲಿಷ್ ವಿಭಾಗಕ್ಕೆ ಮಕ್ಕಳು ಬೇಕಲ ಕೋಟೆಯ ಬಗ್ಗೆ ಮತ್ತು 1956ರ ರಾಜ್ಯ ಪುನರ್ವಿಂಗಡಣೆಯ ಬಗ್ಗೆ ಲೇಖನಗಳನ್ನು ಬರೆದುಕೊಟ್ಟಿದ್ದಾರೆ. ಒಬ್ಬಳು ಎಲ್ಲ ಕಡೆಯೂ ‘ಹಿಸ್ಟಾರಿಕ್’ ಎಂದು ಬರೆದಿದ್ದಾಳೆ, ಇನ್ನೊಬ್ಬ ಎಲ್ಲ ಕಡೆಯೂ ‘ಹಿಸ್ಟಾರಿಕಲ್’ ಎಂದು ಬರೆದಿದ್ದಾನೆ. ನಮ್ಮಲ್ಲಿರುವ ನಿಘಂಟು ಎರಡಕ್ಕೂ ‘ಐತಿಹಾಸಿಕ’ ಎನ್ನುತ್ತದೆ. ಯಾವುದನ್ನು ಉಳಿಸಲಿ? ‘ಎಕನಾಮಿಕ್’, ‘ಎಕನಾಮಿಕಲ್’ ಮೊದಲಾದ ಜೋಡಿಗಳಿಗೂ ಇದೇ ಸೂತ್ರ ಸಲ್ಲುತ್ತದೆಯೇ?
— ಶಿಕ್ಷಕಿ, ಬದಿಯಡ್ಕ

ಉತ್ತರ: ಎರಡನ್ನೂ ಉಳಿಸಿಕೊಳ್ಳಿ, ಆದರೆ ಅವುಗಳ ಜಾಗವನ್ನು ನೋಡಿ ಉಳಿಸಿಕೊಳ್ಳಿ. ಇತಿಹಾಸದಲ್ಲಿ ಮಹತ್ವ ಪಡೆದದ್ದಕ್ಕೆ, ಮುಂದಿನವರು ನೆನಪಿಡಬೇಕಾದದ್ದಕ್ಕೆ ‘ಹಿಸ್ಟಾರಿಕ್’ ಸಲ್ಲುತ್ತದೆ. ಇತಿಹಾಸಕ್ಕೆ ಸಂಬಂಧಿಸಿದ್ದು, ಹಿಂದೆ ಇದ್ದದ್ದು, ಗತಕಾಲದ ಅಧ್ಯಯನಕ್ಕೆ ಸೇರಿದ್ದು ಎಂಬಲ್ಲೆಲ್ಲ ‘ಹಿಸ್ಟಾರಿಕಲ್’ ಬರುತ್ತದೆ. ಆದ್ದರಿಂದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ‘ಹಿಸ್ಟಾರಿಕ್’ ದಿನ. ಆ ದಿನದ ಬಗ್ಗೆ ಕಡತಗಳಲ್ಲಿ ಉಳಿದಿರುವ ಆದೇಶಗಳು ಮತ್ತು ಮನವಿಗಳು ‘ಹಿಸ್ಟಾರಿಕಲ್’ ದಾಖಲೆಗಳು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟದ್ದನ್ನು ‘ಹಿಸ್ಟಾರಿಕ್’ ಘಟನೆ ಎನ್ನಬಹುದು. ಶಾಸನಗಳನ್ನೂ ಕವಿಗಳ ಕಾಲವನ್ನೂ ಕುರಿತು ಅದೇ ಪೈಗಳು ನಡೆಸಿದ ಸಂಶೋಧನೆ ‘ಹಿಸ್ಟಾರಿಕಲ್’ ಸಂಶೋಧನೆ. ಐತಿಹಾಸಿಕ ಕಾದಂಬರಿ ಯಾವಾಗಲೂ ‘ಹಿಸ್ಟಾರಿಕಲ್’ ಆಗಿರುತ್ತದೆ, ಏಕೆಂದರೆ ಅದರ ವಸ್ತು ಗತಕಾಲದ್ದು. ಕಾದಂಬರಿಯೊಂದನ್ನು ‘ಹಿಸ್ಟಾರಿಕ್’ ಎಂದರೆ ಆ ಪುಸ್ತಕವೇ ಸಾಹಿತ್ಯಚರಿತ್ರೆಯ ದಿಕ್ಕನ್ನು ಬದಲಿಸಿತು ಎಂಬ ಬೇರೊಂದು ಹೊಗಳಿಕೆಯಾಗುತ್ತದೆ.

‘ಹಿಸ್ಟಾರಿಕ್’ ಎಂದರೆ ಒಳ್ಳೆಯದು, ಹೆಮ್ಮೆಯದು ಎಂದು ಮಕ್ಕಳು ತಿಳಿಯುವುದುಂಟು. ರಾಜಕೀಯ ಭಾಷಣಗಳಲ್ಲಿ ಪ್ರತಿಯೊಂದು ಗೆಲುವೂ ‘ಐತಿಹಾಸಿಕ’ವಾಗುವುದರ ಫಲವಿದು. ಪದಕ್ಕೆ ಮಹತ್ವವಷ್ಟೇ ಬೇಕು, ಸಂತೋಷ ಬೇಕಾಗಿಲ್ಲ. 1956ರ ಆ ದಿನ ಗಡಿನಾಡಿನ ಕನ್ನಡಿಗರಿಗೆ ನೋವನ್ನೇ ತಂದಿತು, ಆದರೂ ಅದು ‘ಹಿಸ್ಟಾರಿಕ್’.

ಬೇಕಲ ಕೋಟೆಯ ವಿಷಯದಲ್ಲಿ ಮಾತ್ರ ನಾನು ಕೆಂಪು ಶಾಯಿಯನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳುತ್ತೇನೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆಂದು ಹೇಳಲಾಗುವ ಈ ಕೋಟೆ ಕರಾವಳಿಯ ಇತಿಹಾಸದಲ್ಲಿ ದೊಡ್ಡ ಹೆಸರಾದ್ದರಿಂದ ‘ಹಿಸ್ಟಾರಿಕ್ ಫೋರ್ಟ್’ ಎಂಬುದೇ ಇಂಗ್ಲಿಷಿನ ಸಹಜವಾದ ಜೋಡಣೆ. ಹಾಗೆಂದು ‘ಹಿಸ್ಟಾರಿಕಲ್’ ಎಂದು ಬರೆದ ಹುಡುಗನ ಅಂಕವನ್ನು ಕಳೆಯಬೇಕಾಗಿಲ್ಲ. ಹಳೆಯ ಕಟ್ಟಡಗಳ ವಿಷಯಕ್ಕೆ ಬಂದಾಗ ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರಲ್ಲೂ ಇವೆರಡರ ಗಡಿ ಅಷ್ಟು ಗಟ್ಟಿಯಾಗಿಲ್ಲ. ಆ ಪದದ ಹಿಂದೆ ‘ಎ’ ಬರೆಯಬೇಕೇ ‘ಆ್ಯನ್’ ಬರೆಯಬೇಕೇ ಎಂದು ಯಾರಾದರೂ ಕೇಳಿದರೆ, ‘ಹ’ಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವ ನಮಗೆ ‘ಎ’ ಸಾಕು ಎನ್ನಿ.

ಇನ್ನು ನಿಮ್ಮ ಎರಡನೆಯ ಮಾತು. ‘ಇಕ್’ ಎಂಬ ಪ್ರತ್ಯಯ ಗ್ರೀಕ್ ಭಾಷೆಯಿಂದ ಲ್ಯಾಟಿನ್ ಮೂಲಕ ಬಂದದ್ದು, ಅದರ ಮೇಲೆ ಲ್ಯಾಟಿನ್ನಿನದೇ ಇನ್ನೊಂದು ಪ್ರತ್ಯಯ ಕೂಡಿ ‘ಇಕಲ್’ ಆಯಿತು. ಹಿಂದೆ ಎರಡೂ ರೂಪಗಳನ್ನು ಭೇದವಿಲ್ಲದೆ ಬಳಸುತ್ತಿದ್ದರು. ಕಾಲಕ್ರಮದಲ್ಲಿ ಕೆಲವು ಜೋಡಿಗಳಲ್ಲಿ ಒಂದು ರೂಪ ಬಿದ್ದುಹೋಯಿತು, ಕೆಲವು ಜೋಡಿಗಳಲ್ಲಿ ಎರಡೂ ಉಳಿದು ಅರ್ಥವನ್ನು ಹಂಚಿಕೊಂಡವು. ಅಣ್ಣತಮ್ಮಂದಿರು ಪಾಲಾದಾಗ ಒಂದೊಂದು ಮನೆಯಲ್ಲಿ ಆಸ್ತಿ ಒಂದೊಂದು ರೀತಿಯಲ್ಲಿ ಹಂಚಿಕೆಯಾಗುವಂತೆ ಇಲ್ಲಿಯೂ ಒಂದು ಜೋಡಿಯ ಹಂಚಿಕೆ ಇನ್ನೊಂದಕ್ಕೆ ಮಾದರಿಯಾಗುವುದಿಲ್ಲ. ಆದುದರಿಂದ ಎಲ್ಲಕ್ಕೂ ಸಲ್ಲುವ ಸೂತ್ರವನ್ನು ಹುಡುಕುವುದು ವ್ಯರ್ಥ. ಪ್ರತಿಯೊಂದು ಗುಣವಾಚಕವೂ ಯಾವ ನಾಮಪದದ ಜೊತೆ ಓಡಾಡುತ್ತದೆ ಎಂಬುದನ್ನು ಗಮನಿಸುವುದೇ ಕಲಿಕೆ.

‘ಎಕನಾಮಿಕ್’ ಎಂದರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು: 1991ರ ಹೊಸ ಆರ್ಥಿಕ ನೀತಿ ‘ಎಕನಾಮಿಕ್ ಪಾಲಿಸಿ’, ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರನಿಗೆ ಬರುವುದು ‘ಎಕನಾಮಿಕ್’ ಸಂಕಷ್ಟ. ‘ಎಕನಾಮಿಕಲ್’ ಎಂದರೆ ಮಿತವ್ಯಯದ್ದು, ಪೋಲು ಮಾಡದ್ದು: ತೋಟಕ್ಕೆ ಹನಿ ನೀರಾವರಿ ‘ಎಕನಾಮಿಕಲ್’, ಕಡಿಮೆ ಸೌದೆಯಲ್ಲಿ ಅನ್ನ ಬೇಯುವ ಒಲೆ ‘ಎಕನಾಮಿಕಲ್’. ಈ ಜೋಡಿಯಲ್ಲಿ ತಪ್ಪಿದರೆ ಅರ್ಥವೇ ಕೆಡುತ್ತದೆ. ಸರಕಾರದ ‘ಎಕನಾಮಿಕಲ್ ಪಾಲಿಸಿ’ ಎಂದರೆ ಅಗ್ಗದಲ್ಲಿ ಮುಗಿಯುವ ನೀತಿ ಎಂದಾದೀತು. ‘ಕ್ಲಾಸಿಕಲ್’ ಎಂಬುದು ಶಾಸ್ತ್ರೀಯವಾದದ್ದಕ್ಕೆ, ಪ್ರಾಚೀನ ಪರಂಪರೆಯುಳ್ಳದ್ದಕ್ಕೆ. ಕನ್ನಡಕ್ಕೆ 2008ರಲ್ಲಿ, ಮಲಯಾಳಕ್ಕೆ 2013ರಲ್ಲಿ ದೊರೆತದ್ದು ‘ಕ್ಲಾಸಿಕಲ್ ಲ್ಯಾಂಗ್ವೇಜ್’ ಸ್ಥಾನಮಾನ. ‘ಕ್ಲಾಸಿಕ್’ ಎಂದರೆ ತನ್ನ ಬಗೆಯಲ್ಲಿ ಅತ್ಯುತ್ತಮವಾದ, ಮಾದರಿಯಾಗಿ ನಿಲ್ಲುವ ವಸ್ತು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳನ್ನು ‘ಕ್ಲಾಸಿಕ್’ ಎನ್ನಲು ಯಾರ ಅಡ್ಡಿಯೂ ಇರದು; ಯಕ್ಷಗಾನ ‘ಕ್ಲಾಸಿಕಲ್’ ಹೌದೋ ಅಲ್ಲವೋ ಎಂದು ಕೇಳಿದರೆ ಮಾತ್ರ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಿಂದ ವಿಶ್ವವಿದ್ಯಾಲಯದವರೆಗೆ ಚರ್ಚೆ ಎದ್ದೀತು. ‘ಎಲೆಕ್ಟ್ರಿಕ್’ ಎಂಬುದು ವಿದ್ಯುತ್ತಿನಿಂದ ನೇರವಾಗಿ ನಡೆಯುವ ಅಥವಾ ವಿದ್ಯುತ್ತನ್ನು ಒಯ್ಯುವ ನಿರ್ದಿಷ್ಟ ವಸ್ತುವಿಗೆ: ಪಂಪು, ದೀಪ, ಆಟೋ, ತಂತಿ. ‘ಎಲೆಕ್ಟ್ರಿಕಲ್’ ಎಂಬುದು ವಿದ್ಯುತ್ತಿನ ವಿಷಯಕ್ಕೆ ಸೇರಿದ್ದೆಂದು ಸಾಮಾನ್ಯವಾಗಿ ಹೇಳುವಲ್ಲಿ: ಅಂಗಡಿ, ದೋಷ, ಕೆಲಸ. ಎಂಜಿನಿಯರನ್ನು ‘ಎಲೆಕ್ಟ್ರಿಕಲ್’ ಎಂದೇ ಕರೆಯಿರಿ, ಇಲ್ಲವಾದರೆ ಅವರನ್ನು ಸ್ವಿಚ್ಚು ಹಾಕಿ ನಡೆಸಬೇಕಾದೀತು.

ಕೊನೆಗೊಂದು ಎಚ್ಚರಿಕೆ. ಇವುಗಳ ಕ್ರಿಯಾವಿಶೇಷಣ ರೂಪ ಎರಡಕ್ಕೂ ಒಂದೇ. ‘ಹಿಸ್ಟಾರಿಕಲಿ’, ‘ಎಕನಾಮಿಕಲಿ’ ಎಂಬವು ಎರಡೂ ಅರ್ಥಗಳನ್ನು ಹೊತ್ತು ನಡೆಯುತ್ತವೆ. ಮಕ್ಕಳು ಅವುಗಳನ್ನು ಪಠ್ಯದಲ್ಲಿ ಕಂಡು ಹಿಂದಕ್ಕೆ ಎಣಿಸಿ, ಗುಣವಾಚಕವೂ ‘ಇಕಲ್’ ಎಂದೇ ಕೊನೆಯಾಗಬೇಕು ಎಂದು ಭಾವಿಸುತ್ತಾರೆ. ನಿಮ್ಮ ಹುಡುಗ ಎಲ್ಲ ಕಡೆಯೂ ‘ಹಿಸ್ಟಾರಿಕಲ್’ ಬರೆದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಪ್ರಶ್ನೆ: ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ‘ಫ್ಯೂ’, ‘ಎ ಫ್ಯೂ’, ‘ಲಿಟ್ಲ್’, ‘ಎ ಲಿಟ್ಲ್’ ಇವುಗಳಲ್ಲಿ ಯಾವಾಗಲೂ ಎಡವುತ್ತೇನೆ. ಕನ್ನಡದಲ್ಲಿ ಎಲ್ಲಕ್ಕೂ ‘ಸ್ವಲ್ಪ’, ‘ಕೆಲವು’ ಎಂದೇ ಅರ್ಥ ಕೊಟ್ಟಿದ್ದಾರೆ. ‘ಲೆಸ್’ ಮತ್ತು ‘ಫ್ಯೂಯರ್’ ಬಗ್ಗೆಯೂ ತಿಳಿಸಿ.
— ಉದ್ಯೋಗಾರ್ಥಿ, ಉಪ್ಪಳ

ಉತ್ತರ: ಎಣಿಸಬಹುದಾದದ್ದಕ್ಕೆ ‘ಫ್ಯೂ’, ಎಣಿಸಲಾಗದ್ದಕ್ಕೆ ‘ಲಿಟ್ಲ್’ ಎಂಬುದು ನಿಮಗೆ ಗೊತ್ತಿರುವ ಸಂಗತಿಯೇ. ಕಷ್ಟವಿರುವುದು ಹಿಂದಿನ ಆ ಒಂದಕ್ಷರದ ‘ಎ’ಯಲ್ಲಿ. ಅದನ್ನು ಹಿಡಿಯಲು ನಿಮ್ಮ ಕನ್ನಡವೇ ಸಾಕು. ನಿಘಂಟಿನವರು ಬಿಟ್ಟದ್ದು ಒಂದು ಏಕಾರವನ್ನು. ಮೇ ತಿಂಗಳಲ್ಲಿ ನೀರಿಗಾಗಿ ಗುಡ್ಡದ ಬದಿಯಲ್ಲಿ ಕೊರೆದ ಸುರಂಗದ ಬಾಯಿಗೆ ಹೋಗಿ ನೋಡಿ ಬಂದವರು “ಸ್ವಲ್ಪ ನೀರಿದೆ” ಎಂದರೆ ಮನೆಯವರಿಗೆ ಸಮಾಧಾನ, ಬಿಂದಿಗೆ ಹಿಡಿದು ಹೊರಡಬಹುದು. ಅದು ‘ಎ ಲಿಟ್ಲ್ ವಾಟರ್’. “ನೀರಿರುವುದು ಸ್ವಲ್ಪವೇ” ಎಂದರೆ ಚಿಂತೆ, ತೋಟಕ್ಕೆ ಬಿಡುವಂತಿಲ್ಲ. ಅದು ‘ಲಿಟ್ಲ್ ವಾಟರ್’. ಸುರಂಗದೊಳಗಿನ ನೀರಿನ ಅಳತೆ ಎರಡು ಸಲವೂ ಒಂದೇ ಇರಬಹುದು, ಬದಲಾದದ್ದು ಹೇಳುವವನ ಎಣಿಕೆ. ಹಾಗೆಯೇ “ಸಭೆಗೆ ಕೆಲವರು ಬಂದಿದ್ದರು” ಎಂಬುದು ‘ಎ ಫ್ಯೂ’, “ಬಂದವರು ಕೆಲವರೇ” ಎಂಬುದು ‘ಫ್ಯೂ’. ಇದೆ ಎಂಬ ಕಡೆಗೆ ಮಾತು ವಾಲಿದರೆ ‘ಎ’ ಬೇಕು, ಇಲ್ಲ ಎಂಬ ಕಡೆಗೆ ವಾಲಿದರೆ ‘ಎ’ ಬೇಡ.

ಪರೀಕ್ಷೆಯ ವಾಕ್ಯದಲ್ಲಿ ಈ ವಾಲುವಿಕೆಯ ಸುಳಿವು ಸಾಮಾನ್ಯವಾಗಿ ಇದ್ದೇ ಇರುತ್ತದೆ. ‘ಬಟ್’ ಎಂಬುದು ನಡುವೆ ಬಂದಿದೆಯೇ, ‘ಸೋ’ ಬಂದಿದೆಯೇ ಎಂದು ನೋಡಿ. “ಪ್ರಶ್ನೆಪತ್ರಿಕೆ ಕಠಿಣವಾಗಿತ್ತು, ಆದ್ದರಿಂದ ತೇರ್ಗಡೆಯಾದವರು ಕೆಲವರೇ” ಎಂಬಲ್ಲಿ ‘ಫ್ಯೂ’. “ಪ್ರಶ್ನೆಪತ್ರಿಕೆ ಕಠಿಣವಾಗಿತ್ತು, ಆದರೂ ಕೆಲವರು ತೇರ್ಗಡೆಯಾದರು” ಎಂಬಲ್ಲಿ ‘ಎ ಫ್ಯೂ’. ಎರಡು ಕಡೆ ಮೋಸ ಹೋಗಬಾರದು. ‘ಓನ್ಲಿ’ ಹಿಂದೆ ಬಂದರೆ ಅರ್ಥ ಕೊರತೆಯದಾದರೂ ರೂಪ ‘ಓನ್ಲಿ ಎ ಫ್ಯೂ’ ಎಂದೇ ಇರಬೇಕು. ‘ಕ್ವೈಟ್ ಎ ಫ್ಯೂ’ ಎಂದರೆ ಕೆಲವರಲ್ಲ, ಸಾಕಷ್ಟು ಮಂದಿ.

‘ಲೆಸ್’ ಮತ್ತು ‘ಫ್ಯೂಯರ್’ ವಿಷಯದಲ್ಲಿ ಪರೀಕ್ಷೆಗೆ ಒಂದು ಉತ್ತರ, ತಿಳಿವಳಿಕೆಗೆ ಇನ್ನೊಂದು. ಪರೀಕ್ಷೆಯಲ್ಲಿ ಮಕ್ಕಳು, ಬಸ್ಸುಗಳು, ತೆಂಗಿನಕಾಯಿಗಳು ‘ಫ್ಯೂಯರ್’. ನೀರು, ಸಕ್ಕರೆ, ಮಳೆ ‘ಲೆಸ್’ ಎಂದು ಬರೆಯಿರಿ. ದೂರ, ಕಾಲ, ಹಣ, ತೂಕಗಳಲ್ಲಿ ಅಂಕಿ ಕಾಣಿಸಿಕೊಂಡರೂ ಅವುಗಳನ್ನು ಒಂದೇ ಮೊತ್ತವಾಗಿ ಭಾವಿಸುವುದರಿಂದ ‘ಲೆಸ್’ ಬರುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ‘ಲೆಸ್ ದ್ಯಾನ್’ 60 ಕಿಲೋಮೀಟರ್ ಎನ್ನಬೇಕೇ ಹೊರತು ‘ಫ್ಯೂಯರ್’ ಎನ್ನಬಾರದು. ತಿಳಿವಳಿಕೆಯ ಮಾತು ಇಷ್ಟು: ಇಂಗ್ಲಿಷಿನಲ್ಲಿ ಶತಮಾನಗಳ ಕಾಲ ‘ಲೆಸ್’ ಎರಡಕ್ಕೂ ಬಳಕೆಯಲ್ಲಿತ್ತು. ಎಣಿಸುವ ವಸ್ತುಗಳಿಗೆ ‘ಫ್ಯೂಯರ್’ ಹೆಚ್ಚು ಚೆನ್ನ ಎಂದು 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ತನ್ನ ಅಭಿರುಚಿಯಾಗಿ ಹೇಳಿದ್ದು ಮುಂದೆ ವ್ಯಾಕರಣಕಾರರ ಕೈಯಲ್ಲಿ ಕಟ್ಟಳೆಯಾಯಿತು. ಹೀಗಾಗಿ ಇಂಗ್ಲಿಷಿನವರ ಬಾಯಿಂದ ತಪ್ಪು ರೂಪವನ್ನು ಕೇಳಿದರೆ ಬೆರಗಾಗಬೇಡಿ. ನೀವು ಬರೆಯುವ ಉತ್ತರಪತ್ರಿಕೆಯಲ್ಲಿ ಮಾತ್ರ ಕಟ್ಟಳೆಯನ್ನೇ ಪಾಲಿಸಿ.

ಪ್ರಶ್ನೆ: ಏಳನೆಯ ತರಗತಿಯ ಮಗಳು ರಜೆಯಲ್ಲಿ ದಿನಕ್ಕೆ ಹತ್ತು ಸಲ ‘ಐ ಆ್ಯಮ್ ಬೋರಿಂಗ್’ ಎನ್ನುತ್ತಾಳೆ. ತಪ್ಪೆಂದು ಗೊತ್ತು, ಆದರೆ ಏಕೆ ತಪ್ಪೆಂದು ಅವಳಿಗೆ ವಿವರಿಸಲು ನನಗೆ ಬರುವುದಿಲ್ಲ.
— ಗೃಹಿಣಿ, ಕುಂಬಳೆ

ಉತ್ತರ: ವಾಕ್ಯ ವ್ಯಾಕರಣದ ಮಟ್ಟಿಗೆ ಸರಿಯಾಗಿಯೇ ಇದೆ, ಅವಳು ಹೇಳಬೇಕೆಂದದ್ದನ್ನು ಮಾತ್ರ ಅದು ಹೇಳುತ್ತಿಲ್ಲ. “ನಾನು ಬೇರೆಯವರಿಗೆ ಬೇಸರ ತರಿಸುವವಳು” ಎಂದು ತನ್ನನ್ನೇ ದೂರಿಕೊಳ್ಳುತ್ತಿದ್ದಾಳೆ. ಕನ್ನಡದಲ್ಲಿ ಬೇಸರ ‘ನನಗೆ’ ಆಗುತ್ತದೆ. ಚತುರ್ಥಿ ವಿಭಕ್ತಿಯ ಆ ‘ಗೆ’ ಯಾರಿಗೆ ಆಯಿತು ಎಂಬುದನ್ನು ನಿಶ್ಚಯಿಸಿಬಿಡುವುದರಿಂದ ನಮಗೆ ಗೊಂದಲವೇ ಹುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಆ ವ್ಯಕ್ತಿಯನ್ನು ಕರ್ತೃವಿನ ಜಾಗದಲ್ಲಿ ಕೂರಿಸಬೇಕಾದ್ದರಿಂದ ‘ಗೆ’ ಮಾಡುತ್ತಿದ್ದ ಕೆಲಸವನ್ನು ಗುಣವಾಚಕದ ಬಾಲ ಮಾಡಬೇಕಾಗುತ್ತದೆ. ಬೇಸರ ತರಿಸುವುದು ‘ಬೋರಿಂಗ್’, ಬೇಸರಗೊಂಡದ್ದು ‘ಬೋರ್ಡ್’. ರಜೆ ‘ಬೋರಿಂಗ್’, ಮಗಳು ‘ಬೋರ್ಡ್’. ಪಯಣ ‘ಟೈರಿಂಗ್’, ಪಯಣಿಗ ‘ಟೈರ್ಡ್’. ‘ತರಿಸುವ’ ಎಂದು ಹೇಳಿ ನೋಡಿ ಹೊಂದಿದರೆ ‘ಇಂಗ್’, ‘ಗೊಂಡ’ ಎಂದು ಹೇಳಿ ನೋಡಿ ಹೊಂದಿದರೆ ‘ಎಡ್’ ಎಂದು ಕಲಿಸಿ; ‘ಇಂಟರೆಸ್ಟಿಂಗ್’, ‘ಕನ್‌ಫ್ಯೂಸಿಂಗ್’, ‘ಎಕ್ಸೈಟಿಂಗ್’ ಮೊದಲಾದ ಹತ್ತಾರು ಪದಗಳಿಗೆ ಇದೊಂದೇ ಪರೀಕ್ಷೆ ಸಾಕಾಗುತ್ತದೆ.

ಪ್ರಶ್ನೆ: “ಯುವಜನರು ಕೃಷಿಯಲ್ಲಿ ಡಿಸ್‌ಇಂಟರೆಸ್ಟೆಡ್ ಆಗಿದ್ದಾರೆ” ಎಂದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದೆ. ನಮ್ಮ ಕಾಲದ ಅಧ್ಯಾಪಕರು ಇದನ್ನು ದೊಡ್ಡ ತಪ್ಪೆಂದು ಹೇಳಿಕೊಟ್ಟಿದ್ದರು. ಈಗ ಸರಿಯಾಗಿಬಿಟ್ಟಿದೆಯೇ?
— ನಿವೃತ್ತ ಗುಮಾಸ್ತರು, ಮಂಜೇಶ್ವರ

ಉತ್ತರ: ತಮ್ಮ ಅಧ್ಯಾಪಕರು ಹೇಳಿಕೊಟ್ಟದ್ದನ್ನೇ ನಾನೂ ಎತ್ತಿಹಿಡಿಯುತ್ತೇನೆ, ಆದರೆ ಅವರು ಹೇಳಿರಲಾರದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಇಂಗ್ಲಿಷಿನ ‘ಇಂಟರೆಸ್ಟ್’ ಪದಕ್ಕೆ ಆಸಕ್ತಿ ಎಂಬ ಅರ್ಥವೂ ಇದೆ, ಹಿತಾಸಕ್ತಿ, ಅಂದರೆ ಲಾಭನಷ್ಟದ ಸಂಬಂಧ ಎಂಬ ಅರ್ಥವೂ ಇದೆ. ಆಸಕ್ತಿ ಇಲ್ಲದವನು ‘ಅನ್‌ಇಂಟರೆಸ್ಟೆಡ್’, ಹಿತಾಸಕ್ತಿ ಇಲ್ಲದವನು ‘ಡಿಸ್‌ಇಂಟರೆಸ್ಟೆಡ್’. ನಮ್ಮ ಜಿಲ್ಲೆಯ ಮಟ್ಟಿಗೆ ಇದರ ವ್ಯತ್ಯಾಸವನ್ನು ತೋರಿಸಲು ಮಹಾಜನ ಆಯೋಗಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಮೆಹರ್‌ಚಂದ್ ಮಹಾಜನರನ್ನು 1966ರಲ್ಲಿ ಗಡಿವಿವಾದದ ವಿಚಾರಣೆಗೆ ನೇಮಿಸಿದ್ದು ಅವರು ಕೇರಳದವರೂ ಮೈಸೂರಿನವರೂ ಮಹಾರಾಷ್ಟ್ರದವರೂ ಅಲ್ಲದ, ಅಂದರೆ ‘ಡಿಸ್‌ಇಂಟರೆಸ್ಟೆಡ್’ ಆದ ವ್ಯಕ್ತಿ ಎಂಬ ಕಾರಣಕ್ಕೆ. ಅವರು ‘ಅನ್‌ಇಂಟರೆಸ್ಟೆಡ್’ ಆಗಿದ್ದಿದ್ದರೆ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರ ವರದಿಯಲ್ಲಿ ಬರೆಯುವಷ್ಟು ಕಾಗದಪತ್ರಗಳನ್ನು ಓದುವ ಶ್ರಮವನ್ನೇ ಪಡುತ್ತಿರಲಿಲ್ಲ. ತೀರ್ಪುಗಾರನಿಗೆ ಮೊದಲನೆಯ ಗುಣ ಇರಲೇಬೇಕು, ಎರಡನೆಯದು ಇರಲೇಬಾರದು.

ಇನ್ನು ಆ ಸಂಗತಿ. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಎರಡು ಪದಗಳ ಅರ್ಥಗಳು ಹೆಚ್ಚುಕಡಿಮೆ ಅದಲುಬದಲಾಗಿದ್ದವು: ‘ಡಿಸ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ, ‘ಅನ್‌ಇಂಟರೆಸ್ಟೆಡ್’ ಎಂದರೆ ಪಕ್ಷಪಾತವಿಲ್ಲದ ಎಂಬ ಬಳಕೆಗಳು ಸಿಗುತ್ತವೆ. ಆದ್ದರಿಂದ ಪತ್ರಿಕೆಯವರನ್ನು ಅಜ್ಞಾನಿಗಳೆನ್ನಲು ಬರುವುದಿಲ್ಲ, ಹಳೆಯ ಅರ್ಥವೇ ಮತ್ತೆ ತಲೆಯೆತ್ತಿದೆ ಎನ್ನಬಹುದು. ಹಾಗಿದ್ದರೂ ನಾನು ಅಂತರವನ್ನು ಉಳಿಸಿಕೊಳ್ಳುವ ಪಕ್ಷದವನು. ‘ಬೋರ್ಡ್’, ‘ಇಂಡಿಫರೆಂಟ್’ ಮುಂತಾಗಿ ಆಸಕ್ತಿಯಿಲ್ಲದವರನ್ನು ಬಣ್ಣಿಸಲು ಇಂಗ್ಲಿಷಿನಲ್ಲಿ ಪದಗಳಿಗೆ ಬರವಿಲ್ಲ. ಲಾಭನಷ್ಟವಿಲ್ಲದೆ ನ್ಯಾಯ ಹೇಳುವವರಿಗೆ ಇರುವ ಒಳ್ಳೆಯ ಪದಗಳು ಕೆಲವೇ.

ಪ್ರಶ್ನೆ: ಹೆದ್ದಾರಿ ಅಗಲೀಕರಣದ ಸಮಯದಲ್ಲಿ ‘ಆಲ್ಟರ್ನೇಟ್ ರೂಟ್’ ಎಂಬ ಫಲಕವನ್ನು ನೋಡಿದೆ. ‘ಆಲ್ಟರ್ನೇಟಿವ್’ ಎಂದಿರಬೇಕಲ್ಲವೇ?
— ವ್ಯಾಪಾರಿ, ಹೊಸಂಗಡಿ

ಉತ್ತರ: ಬ್ರಿಟಿಷ್ ಇಂಗ್ಲಿಷಿನ ಪ್ರಕಾರ ಹೌದು. ನಮ್ಮ ಶಾಲೆಗಳಲ್ಲಿ ಕಲಿಸುವುದೂ ಅದನ್ನೇ. ಒಂದು ಬಿಟ್ಟು ಒಂದು ಬರುವುದು ‘ಆಲ್ಟರ್ನೇಟ್’: ದಿನ ಬಿಟ್ಟು ದಿನ ನಲ್ಲಿಯಲ್ಲಿ ನೀರು ಬಂದರೆ ‘ಆಲ್ಟರ್ನೇಟ್ ಡೇಸ್’. ಒಂದರ ಬದಲಿಗೆ ಇರುವುದು ‘ಆಲ್ಟರ್ನೇಟಿವ್’: ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಾಗ ಒಳದಾರಿಯಲ್ಲಿ ಹೋಗುವುದು ‘ಆಲ್ಟರ್ನೇಟಿವ್ ರೂಟ್’. ಆದರೆ ಅಮೆರಿಕದ ಇಂಗ್ಲಿಷಿನಲ್ಲಿ ಬದಲಿ ದಾರಿಗೂ ‘ಆಲ್ಟರ್ನೇಟ್’ ಎನ್ನುವುದರಿಂದ ಫಲಕವನ್ನು ತಿದ್ದಿಸಲು ಅರ್ಜಿ ಬರೆಯುವ ಅಗತ್ಯ ಕಾಣುವುದಿಲ್ಲ. ದಾರಿ ತಪ್ಪದೆ ಮನೆ ಸೇರಿದಿರಲ್ಲ, ಫಲಕದ ಕೆಲಸ ಅಷ್ಟೇ.

ಪ್ರಶ್ನೆ: ತೆಂಗಿನ ಮರಕ್ಕೆ ‘ಹೈ’ ಎನ್ನಬಾರದೇಕೆ? ಎತ್ತರವೆಂದರೆ ಎತ್ತರವೇ ಅಲ್ಲವೇ?
— ಕೃಷಿಕರು, ಮುಳ್ಳೇರಿಯ

ಉತ್ತರ: ಅಗಲಕ್ಕಿಂತ ಎತ್ತರವೇ ಎದ್ದು ಕಾಣುವ, ಬುಡದಿಂದ ನೆಟ್ಟಗೆ ನಿಂತ ವಸ್ತುವಿಗೆ ಇಂಗ್ಲಿಷಿನವರು ‘ಟಾಲ್’ ಎನ್ನುತ್ತಾರೆ: ಮನುಷ್ಯ, ಮರ, ಕಂಬ, ಗೋಪುರ. ಅಗಲವಾಗಿ ಹರಡಿದ್ದಕ್ಕೆ, ನೆಲದಿಂದ ಮೇಲೆ ಇರುವ ಸ್ಥಾನಕ್ಕೆ ‘ಹೈ’: ಪೊಸಡಿ ಗುಂಪೆಯ ಗುಡ್ಡ, ಕೋಟೆಯ ಗೋಡೆ, ಅಟ್ಟದ ಕಿಟಕಿ. ನಿಮ್ಮ ತೋಟದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ನಮ್ಮ ಕರಾವಳಿಯ ಎತ್ತರದ ತಳಿಯನ್ನು ಹೆಸರಿಸುವುದು ‘ವೆಸ್ಟ್ ಕೋಸ್ಟ್ ಟಾಲ್’ ಎಂದು. ಅದರ ತುದಿಯಲ್ಲಿರುವ ಕಾಯಿ ಮಾತ್ರ ‘ಹೈ’, ಏಕೆಂದರೆ ಕಾಯಿಯೇನೂ ಉದ್ದವಾಗಿಲ್ಲ, ಇರುವ ಜಾಗ ಮೇಲಿದೆ. ಮನುಷ್ಯರ ಬಗ್ಗೆ ‘ಹೀ ಈಸ್ ಹೈ’ ಎನ್ನುವಾಗ ಜೋಪಾನ. ಅಮಲೇರಿದೆ ಎಂದು ಕೇಳಿದವರು ತಿಳಿದಾರು.

ಪ್ರಶ್ನೆ: ‘ಪಾಪ್ಯುಲರ್’, ‘ಪಾಪ್ಯುಲಸ್’ ಇವುಗಳ ವ್ಯತ್ಯಾಸವೇನು?
— ವಿದ್ಯಾರ್ಥಿ, ನೀರ್ಚಾಲು

ಉತ್ತರ: ಜನಪ್ರಿಯವಾದದ್ದು ‘ಪಾಪ್ಯುಲರ್’, ಜನಸಂಖ್ಯೆ ಹೆಚ್ಚಿರುವುದು ‘ಪಾಪ್ಯುಲಸ್’. 2011ರ ಜನಗಣತಿಯಂತೆ 41 ಲಕ್ಷ ಜನರಿರುವ ಮಲಪ್ಪುರಂ ಕೇರಳದ ಅತ್ಯಂತ ‘ಪಾಪ್ಯುಲಸ್’ ಜಿಲ್ಲೆ. ಸುಮಾರು 13 ಲಕ್ಷದ ನಮ್ಮ ಜಿಲ್ಲೆಗೆ ಆ ಪದ ಸಲ್ಲದು. ಬೇಕಲದ ಕಡಲತೀರ ‘ಪಾಪ್ಯುಲರ್’.

ಪ್ರಶ್ನೆ: ‘ಮೈ ಬಿಗ್ ಸಿಸ್ಟರ್’, ‘ಮೈ ಎಲ್ಡರ್ ಸಿಸ್ಟರ್’, ‘ಮೈ ಓಲ್ಡರ್ ಸಿಸ್ಟರ್’ ಇವುಗಳಲ್ಲಿ ಯಾವುದು ಸರಿ?
— ಕಾಲೇಜು ವಿದ್ಯಾರ್ಥಿನಿ, ಪೆರ್ಲ

ಉತ್ತರ: ಮೂರೂ ಬಳಕೆಯಲ್ಲಿವೆ, ಮೊದಲನೆಯದು ಮನೆಮಾತು, ಬರವಣಿಗೆಗೆ ಉಳಿದ ಎರಡರಲ್ಲಿ ಒಂದು ಇರಲಿ. ‘ಅಕ್ಕ’ ಎಂಬ ಒಂದೇ ಪದದಲ್ಲಿ ನಮಗೆ ಮುಗಿಯುವ ಕೆಲಸಕ್ಕೆ ಇಂಗ್ಲಿಷಿನವರಿಗೆ ಗುಣವಾಚಕ ಬೇಕಾಗುತ್ತದೆ. ನೆನಪಿಡಬೇಕಾದದ್ದು ‘ಎಲ್ಡರ್’ ಪದಕ್ಕಿರುವ ಎರಡು ನಿರ್ಬಂಧಗಳನ್ನು. ಅದು ಹೆಚ್ಚಾಗಿ ಒಂದೇ ಕುಟುಂಬದವರಿಗೆ ಸಲ್ಲುತ್ತದೆ, ಮತ್ತು ಅದರ ಮುಂದೆ ‘ದ್ಯಾನ್’ ಬರುವುದಿಲ್ಲ. 1883ರಲ್ಲಿ ಹುಟ್ಟಿದ ಗೋವಿಂದ ಪೈಗಳು 1915ರಲ್ಲಿ ಹುಟ್ಟಿದ ಕಯ್ಯಾರ ಕಿಞ್ಞಣ್ಣ ರೈಗಳಿಗಿಂತ ಹಿರಿಯರು ಎಂದು ಹೇಳಬೇಕಾದಲ್ಲಿ ‘ಓಲ್ಡರ್ ದ್ಯಾನ್’ ಎಂದೇ ಬರೆಯಬೇಕು. ಅಕ್ಕನ ವಿಷಯದಲ್ಲಿಯೂ ಹೋಲಿಕೆ ಬಂದ ಕೂಡಲೆ ಇದೇ ನಿಯಮ: ‘ಎಲ್ಡರ್ ಸಿಸ್ಟರ್’ ಎನ್ನಬಹುದು, ಆದರೆ ಅವಳು ನಿಮಗಿಂತ ‘ಓಲ್ಡರ್’.